ಹಳ್ಳದ ಏರಿನ ಮೇಲೆ ನಾವು ನೋಡಿದ ಸೈಕಲ್ ರೇಸು

ಸೈಕಲ್ ರೇಸು ನೋಡಲು ಹೋದವರಿಗೆ ರೇಸೊಂದನ್ನು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿ ಕಾಣುತ್ತದೆ. ಇದು ಯಾರೋ ಹೇಳಿದ ಮಾತಲ್ಲ, ಹತ್ತು ವರ್ಷ ಬಿಸಿಲಲ್ಲಿ ನಿಂತು ನಾನೇ ಕಂಡುಕೊಂಡದ್ದು.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ನಾನಾಗ ವಿಜಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ಸುಗ್ಗಿ ಮುಗಿದು ಹೊಲ ಬಯಲಾದ ಮೇಲೆ ವರ್ಷಕ್ಕೊಮ್ಮೆ ವಿಜಾಪುರದಿಂದ ತಿಕೋಟಾ ಹಾದು ಬಬಲೇಶ್ವರದವರೆಗೆ ರೇಸು ನಡೆಯುತ್ತಿತ್ತು. ಇದನ್ನೇ ಉದ್ಯೋಗ ಮಾಡಿಕೊಂಡು ಊರೂರು ತಿರುಗುವ ಸವಾರರು ಜಮಖಂಡಿ, ಸಾಂಗಲಿ ಕಡೆಯಿಂದಲೂ ಬರುತ್ತಿದ್ದರು. ಗೆದ್ದವನ ಕೈಗೆ ಬೆಳ್ಳಿ ಕಡಗ. ನಮ್ಮದು ಬಯಲುಸೀಮೆ. ತಿಕೋಟಾ ದಾಟಿ ಒಂದು ಹಳ್ಳಕ್ಕಿಳಿದ ಕೂಡಲೇ ಬರುವ ಏರೇ ನಮ್ಮ ಪಾಲಿನ ಘಟ್ಟ. ಅಲ್ಲಿ ಎಂಥ ಸವಾರನೂ ಸೀಟು ಬಿಟ್ಟು ಎದ್ದು ತುಳಿಯಬೇಕು. ಹಾಗಾಗಿ ನೋಡುವವರೆಲ್ಲ ಸೇರುವುದೂ ಅಲ್ಲೇ. ನಾವು ಮೂವರಂತೂ ಒಂದು ವರ್ಷವೂ ತಪ್ಪಿಸಿಕೊಂಡವರಲ್ಲ: ನಾನು, ಒಬ್ಬ ಸಾಲಿ ಮಾಸ್ತರರು, ಮತ್ತು ಇಬ್ರಾಹಿಂಪುರದ ಒಬ್ಬ ಟೇಲರ್.

ಉಳ್ಳಾಗಡ್ಡಿ

ಮೊದಲ ವರ್ಷ ಮುಂಜಾನೆ ಏಳಕ್ಕೇ ಹೋಗಿ ಏರಿನ ನಡುವೆ ಬೇವಿನ ಗಿಡದ ಕೆಳಗೆ ಕೂತೆವು. ಹತ್ತಾದರೂ ಒಂದು ಸೈಕಲ್ಲಿನ ಸುಳಿವಿಲ್ಲ. ಟೇಲರ್ ಬುತ್ತಿ ಬಿಚ್ಚಿದ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಉಳ್ಳಾಗಡ್ಡಿ ಒಡೆಯಲೆಂದು ಅದರ ಮೇಲೆ ಮುಷ್ಟಿಯಿಂದ ಗುದ್ದಿದ. ಅದು ಒಡೆಯಲಿಲ್ಲ, ಜಿಗಿದು ಉರುಳುತ್ತಾ ಇಳಿಜಾರಿಗೆ ಹೋಗಿ ರಸ್ತೆಯ ಕೆಳಗಿನ ಮೋರಿಯೊಳಗೆ ಸೇರಿತು. ಇವನೂ ಅದರ ಹಿಂದೆಯೇ ಮೋರಿಯೊಳಗೆ ತೂರಿದ.

ಅಷ್ಟರಲ್ಲಿ "ಬಂದ್ರು, ಬಂದ್ರು!" ಎಂದು ಜನ ಎದ್ದರು. ಸವಾರರು ಏದುಸಿರು ಬಿಡುತ್ತಾ ಏರಿದರು, ದಾಟಿದರು, ತಿರುವಿನಲ್ಲಿ ಮಾಯವಾದರು.

ಟೇಲರ್ ಉಳ್ಳಾಗಡ್ಡಿ ಒರೆಸುತ್ತಾ ಹೊರಗೆ ಬಂದ. "ಇನ್ನೂ ಬಂದಿಲ್ಲೇನ್ರಿ ಮಾಸ್ತರ?"

"ಬಂದ್ರು, ಹೋದ್ರು. ನಿನ್ನ ತಲಿ ಮ್ಯಾಲಿಂದನ ಹೋದ್ರು" ಎಂದರು ಮಾಸ್ತರರು.

ಅವನು ರೊಟ್ಟಿಯ ಮುಂದೆ ಕೂತು ಉಳ್ಳಾಗಡ್ಡಿ ಒಡೆದ. ಆದರೆ ಮುಂದೆ ಒಂದು ತಿಂಗಳು ಅಂಗಡಿಗೆ ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದ: "ಅಷ್ಟು ಸನೇದಿಂದ ರೇಸ್ ಕಂಡಾಂವ ಈ ಜಿಲ್ಲಾದಾಗ ನಾ ಒಬ್ಬನ ನೋಡ್ರಿ. ಹಿಂಗ ತಲಿ ಮ್ಯಾಲಿಂದ ಹೋದ್ರು!"

ಟಾಂಗಾ

ಮರುವರ್ಷ ತಿಕೋಟಾದಿಂದ ಏರಿನವರೆಗೆ ನಡೆಯುವುದು ಬೇಡವೆಂದು ಟಾಂಗಾ ಮಾಡಿದೆವು. ಟಾಂಗಾದ ಚಾಚಾ ವಯಸ್ಸಾದವರು, ಕುದುರೆಗೂ ವಯಸ್ಸಾಗಿತ್ತು. ಆದರೆ ಏರು ಬಂದರೂ ಅದು ನಿಲ್ಲಲಿಲ್ಲ.

"ಚಾಚಾ, ನಿಲ್ಲಸ್ರಿ, ಇಲ್ಲೇ ಇಳಿಯೂದು ನಮಗ."

"ನಾ ಏನೋ ನಿಲ್ಲಸ್ತೀನ್ರಿ, ಅದು ನಿಲ್ಲಬೇಕಲ್ಲ" ಎಂದರು ಚಾಚಾ ಲಗಾಮು ಜಗ್ಗುತ್ತಾ. "ವಾರಾ ವಾರಾ ಸಂತಿ ಮಂದೀನ ಬಬಲೇಶ್ವರಕ್ಕ ಒಯ್ದು ಒಯ್ದು ರೂಢಿ ಆಗೇತಿ. ಅಲ್ಲಿ ನೀರಿನ ಬಾನಿ ಕಂಡ ಮ್ಯಾಲೇ ನಿಲ್ಲೂದು ಅದು."

ಏರು ಹಿಂದೆ ಉಳಿಯಿತು. ಬೇವಿನ ಗಿಡದ ಕೆಳಗೆ ಕೂತಿದ್ದ ಜನ ನಮ್ಮತ್ತ ಕೈ ಬೀಸಿದರು. ನಾವೂ ಬೀಸಿದೆವು, ಬೇರೆ ಏನು ಮಾಡುವುದು?

ಬಬಲೇಶ್ವರದಲ್ಲಿ ದೂರದಿಂದ ಧೂಳು ಕಂಡದ್ದೇ ತಡ, ಹಲಗಿ, ಸನಾದಿ ಶುರುವಾದವು. ನಾವು ಇಳಿಯುವಷ್ಟರಲ್ಲಿ ಮೂವರ ಕೊರಳಿಗೂ ಮಾಲೆ ಬಿತ್ತು. "ನಾವು ರೇಸಿನವರಲ್ಲ" ಎಂದು ಮಾಸ್ತರರು ಮೂರು ಸಲ ಹೇಳಿದರು. ಹಲಗಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ನಮ್ಮನ್ನು ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟರು.

ಅರ್ಧ ತಾಸಿನ ಮೇಲೆ ಜಮಖಂಡಿಯ ಸವಾರನೊಬ್ಬ ಬೆವರಿನಲ್ಲಿ ತೊಯ್ದು ಬಂದು ಗೆರೆ ದಾಟಿದ. ಅಲ್ಲಿ ತಲೆಗೆ ಪಟಗ ಸುತ್ತಿಕೊಂಡು ನಿಂತಿದ್ದ ಹಿರಿಯರು, "ಎಷ್ಟನೇದಾಂವಪಾ ನೀ?" ಎಂದು ಕೇಳಿದರು.

"ಮೊದಲನೇದಾಂವ ರೀ."

"ಮೊದಲನೇದಾಂವ ಅಂತ! ಲೇ ತಮ್ಮಾ, ಮೂರು ಮಂದಿ ಆಗಲೇ ಬಂದು ಎರಡನೇ ಚಾ ಕುಡ್ಯಾಕತ್ತಾರ. ಹೋಗು, ನಾಕನೇದಾಂವ ಅಂತ ಬರಸು."

ನೀಲಿ ಬೆನ್ನು

ಇನ್ನೊಂದು ವರ್ಷ ಸವಾರರ ಬೆನ್ನಿಗೆ ಕಟ್ಟುವ ಬಟ್ಟೆಯ ಮೇಲೆ ನಂಬರು ಬರೆಯುವ ಕೆಲಸ ನಮ್ಮ ಮಾಸ್ತರರ ಪಾಲಿಗೆ ಬಂತು. ಅವರ ಅಕ್ಷರ ಮುತ್ತಿನಂಥದ್ದು. ಸಾಲಿಯ ದೌತಿಯಲ್ಲಿದ್ದ ನೀಲಿ ಶಾಯಿಯಲ್ಲಿ ದುಂಡಗೆ ಬರೆದರು.

ಆ ದಿನ ಬಿಸಿಲೆಂದರೆ ಬಿಸಿಲು. ಪಾಪ, ಸವಾರರು ತಂಪಾಗಲಿ ಎಂದು ನಾವು ಹಳ್ಳದಿಂದ ಕೊಡ ತುಂಬಿಟ್ಟುಕೊಂಡು, ಏರಿ ಬಂದವರ ಬೆನ್ನಿನ ಮೇಲೆ ಸುರಿದೆವು. ಮೊದಲು ಸುರಿದವರು ಮಾಸ್ತರರೇ.

ಬಬಲೇಶ್ವರದಲ್ಲಿ ಮೂವರು ಒಟ್ಟಿಗೇ ಗೆರೆ ದಾಟಿದರು. ತೀರ್ಪು ಹೇಳುವ ಪಂಚರಾಗಿ ಕೂತಿದ್ದವರು ಒಬ್ಬ ವಕೀಲರು. ನೋಡಿದರೆ ಯಾರ ಬೆನ್ನಿನ ಮೇಲೂ ನಂಬರಿಲ್ಲ, ಬರೀ ನೀಲಿ. ಮೂವರೂ "ನಾನೇ ಮುಂದ" ಎಂದು ಜಗಳಕ್ಕೆ ನಿಂತರು. ಬೆಳ್ಳಿ ಕಡಗ ವಕೀಲರ ಕೈಯಲ್ಲೇ ಉಳಿಯಿತು.

ವಕೀಲರು ಒಬ್ಬನ ಬೆನ್ನಿನ ಒದ್ದೆ ಬಟ್ಟೆ ಮುಟ್ಟಿ ನೋಡಿ, "ನೀರು ಹಾಕಿದವರು ಯಾರು?" ಎಂದರು. ಏರಿನಿಂದ ಒಂದು ಲಾರಿ ಹತ್ತಿ ಆಗಲೇ ಅಲ್ಲಿಗೆ ಬಂದಿಳಿದಿದ್ದ ನಾವು ಮುಂದೆ ಬಂದೆವು.

"ಏರಿನ ಮ್ಯಾಲ ಮೊದಲು ಬಂದಾವಗ ಎಷ್ಟು ಹಾಕಿದ್ರಿ?"

"ಒಂದು ಕೊಡ ರೀ."

"ಎರಡನೇದಾವಗ?"

"ಅರ್ಧ ಕೊಡ."

"ಮೂರನೇದಾವಗ?"

"ಒಂದು ಚರಗಿ. ಅಷ್ಟೇ ಉಳಿದಿತ್ರಿ."

ವಕೀಲರು ಮೂವರನ್ನೂ ಬೆನ್ನು ತಿರುಗಿಸಿ ನಿಲ್ಲಿಸಿದರು. ಏರಿನ ಮೇಲೆ ಮುಂದಿದ್ದವನೇ ಕೊನೆಗೂ ಮುಂದಿರುವವನು, ಹೆಚ್ಚು ನೀಲಿಯಾದವನೇ ಮೊದಲು ಎಂದು ತೀರ್ಪು ಕೊಟ್ಟು ಅವನಿಗೆ ಕಡಗ ತೊಡಿಸಿದರು. ಯಾರೂ ತಕರಾರು ಮಾಡಲಿಲ್ಲ.

ಮುಂದಿನ ವರ್ಷ ನಂಬರುಗಳನ್ನು ಡಾಂಬರಿನಲ್ಲಿ ಬರೆಸಿದ್ದರು. ಆದರೂ ಏರಿನ ಮೇಲೆ ಒಬ್ಬ ಸವಾರ ಸೈಕಲ್ ನಿಲ್ಲಿಸಿ, ನಮ್ಮ ಮುಂದೆ ಬೆನ್ನು ಬಗ್ಗಿಸಿ ನಿಂತ: "ಇನ್ನೊಂದು ಕೊಡ ಹಾಕ್ರಿ ಮಾವಾ, ಈ ಸಲ ನಾ ಗೆಲ್ಲಬೇಕಾಗೇತಿ."

ವರ

ನಮ್ಮ ಟೇಲರನ ಮಗಳಿಗೆ ಕನಮಡಿ ಕಡೆಯ ಒಂದು ಸಂಬಂಧ ಬಂತು. ಹುಡುಗ ಒಕ್ಕಲುತನದವನು, ಮೇಲಾಗಿ ರೇಸಿನಲ್ಲಿ ಹೆಸರು ಮಾಡಿದವನು. ಟೇಲರನಿಗೆ ಅಷ್ಟೇ ಸಾಕಿತ್ತು. ಅವನ ಅವ್ವ ಮಾತ್ರ ಒಪ್ಪಲಿಲ್ಲ. "ಸೈಕಲ್ ತುಳಿಯೂದು ಒಂದು ಗುಣೇನೋ? ಹುಡುಗನ್ನ ಕಣ್ಣಿಲೆ ನೋಡಬೇಕು" ಎಂದು ಹಟ ಹಿಡಿದಳು. ಸರಿ, ಏರಿನ ಮೇಲೆಯೇ ನೋಡುವುದು ಎಂದು ನಿಶ್ಚಯವಾಯಿತು. ಹುಡುಗ ತಲೆಗೆ ಕೆಂಪು ವಸ್ತ್ರ ಕಟ್ಟಿರುತ್ತಾನೆ ಎಂದು ನಡುವಿನವರು ಗುರುತು ಹೇಳಿ ಕಳಿಸಿದರು. ನಾವು ಬರುವ ಸುದ್ದಿಯನ್ನು ಅವನಿಗೂ ಮುಟ್ಟಿಸಿದ್ದರು.

ಮುದುಕಿ, ಮಗಳು, ಟೇಲರ್ ಚಕ್ಕಡಿಯಲ್ಲಿ ಬಂದು ಕೂತರು. ಸವಾರರು ಹಳ್ಳ ದಾಟಿದರು. ಎಲ್ಲರಿಗಿಂತ ಮುಂದೆ ಕೆಂಪು ವಸ್ತ್ರ! ಟೇಲರ್ ಕುಣಿಯುವುದೊಂದು ಬಾಕಿ. "ನೋಡಬೇ ಯವ್ವಾ, ನೋಡು, ಹುಲಿ ಬಂದಂಗ ಬರಾಕತ್ತಾನ!"

ಹುಲಿ ನಮ್ಮ ಮುಂದೆ ಬಂತು, ಚಕ್ಕಡಿ ನೋಡಿತು, ಸೈಕಲ್ಲಿನಿಂದ ಇಳಿಯಿತು. ಸೈಕಲ್ಲನ್ನು ಬೇವಿನ ಗಿಡಕ್ಕೆ ಒರಗಿಸಿ, ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡು, ಮುದುಕಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದ. "ಆರಾಮದೀರೇನ್ರಿ ಆಯಿ?"

"ಆರಾಮಪಾ. ನಿಮ್ಮವ್ವ ಹೆಂಗದಾಳ?"

"ಆರಾಮದಾಳ ರೀ."

ಹಿಂದಿದ್ದ ಇಬ್ಬರು ದಾಟಿ ಹೋದರು. ಟೇಲರ್, "ಅಪ್ಪಾ, ನೀ ಮೊದಲ ಸೈಕಲ್ ಹತ್ತಪಾ!" ಎಂದ.

"ಹಿರ್‍ಯಾರು ಮಾತಾಡಾಕತ್ತಾರ್ರಿ" ಎಂದ ಹುಡುಗ ಮೆಲ್ಲಗೆ.

ಮುದುಕಿಗೆ ಅವಸರವಿರಲಿಲ್ಲ. ಎಮ್ಮೆ ಎಷ್ಟು, ಈಗ ಹಿಂಡುವುದೆಷ್ಟು, ಬಾವಿ ನೀರು ಸವಳೋ ಸಿಹಿಯೋ, ಅಕ್ಕನನ್ನು ಯಾವ ಊರಿಗೆ ಕೊಟ್ಟಿದ್ದೀರಿ, ಎಲ್ಲ ಕೇಳಿದಳು. ಹುಡುಗ ಕೈಕಟ್ಟಿ ನಿಂತು ಎಲ್ಲದಕ್ಕೂ ಉತ್ತರ ಹೇಳಿದ. ಸವಾರರೆಲ್ಲ ದಾಟಿದರು. ಕಡೆಗೆ, ಬಿದ್ದವರನ್ನು ಎತ್ತಿಕೊಂಡು ಬರುವ ಲಾರಿಯೂ ದಾಟಿ ಹೋಯಿತು. ಟೇಲರ್ ತಲೆ ಮೇಲೆ ಕೈಹೊತ್ತು ಕೂತ. ಆ ಹುಡುಗ ಅಂದು ಬಬಲೇಶ್ವರ ಮುಟ್ಟಿದಾಗ ಹಲಗಿಯವರು ಊಟಕ್ಕೆ ಹೋಗಿದ್ದರಂತೆ.

ಚಕ್ಕಡಿ ಹೂಡುವಾಗ ಟೇಲರ್ ಸಿಟ್ಟಿನಿಂದ, "ಕಡೇ ನಂಬರಿನಾವಗ ಹೆಣ್ಣು ಕೊಡೂದೇನ್ ಬೇ? ಮಂದಿ ನಗೂದಿಲ್ಲೇನು?" ಎಂದ.

"ಮುಂದ ಹೋದವರಾಗ ಒಬ್ಬನರೆ ನನ್ನ ಆರಾಮದೀಯೇನು ಅಂತ ಕೇಳಿದ್ನೇನಲೇ?" ಎಂದಳು ಮುದುಕಿ.

ತಾಯಿ ಮಗನ ವಾದ ಹತ್ತಿತು. ತಿಕೋಟಾ ಬಂದರೂ ಮುಗಿಯಲಿಲ್ಲ. ಕೊನೆಗೆ ಮಾಸ್ತರರು, "ಕೂಸಿಗೆ ಒಂದು ಮಾತು ಕೇಳ್ರಿ. ಸಂಸಾರ ಮಾಡಾಕಿ ಆಕಿ" ಎಂದರು.

ಹುಡುಗಿ ಸೆರಗು ಸರಿಮಾಡಿಕೊಂಡು ಅಂದಳು: "ಹೂಂ ಅನ್ನು ಯಪ್ಪಾ. ಸೈಕಲ್ ಹಿಂದ ಕ್ಯಾರಿಯರ್ ಮ್ಯಾಲ ಕುಂದರಾಕಿ ನಾನು. ನನಗ ಸಾವಕಾಶ ಹೊಡಿಯಾಂವನ ಬೇಕು."