ಹೆಪ್ಪಿಗೆ ಕೊಟ್ಟ ಕರೆಂಟು

ಮನೆಗೆ ಬಂದ ಕರೆಂಟು ಥೇಟ್ ಮನೆಯ ಹಿರಿಯ ಅಳಿಯನಂತೆ. ಯಾವ ಕೆಲಸಕ್ಕೆ ಕರೆದರೂ ಹೂಂ ಎಂದು ಬರುತ್ತದೆ, ಹೇಳಿದ್ದರಲ್ಲಿ ಅಷ್ಟಿಷ್ಟು ಮಾಡುತ್ತದೆ, ಕಡೆಗೆ ಒಲೆಯ ಮುಂದೆ ಮೈ ಕಾಯಿಸುತ್ತ ಕೂತುಬಿಡುತ್ತದೆ. ಗಾಳಿ ಬೀಸು ಎಂದು ಫ್ಯಾನಿಗೆ ಕಳಿಸಿ. ಬೀಸುವುದೇನೋ ಬೀಸುತ್ತದೆ, ಆದರೆ ಆರಿಸಿದ ಮೇಲೆ ಸ್ಟೂಲು ಹತ್ತಿ ಫ್ಯಾನಿನ ಹೊಟ್ಟೆ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಹಳೆಯ ಗುಂಡು ಬಲ್ಬಿಗೆ ಬೆಳಕು ಕೊಡು ಎಂದರೆ ಬೆಳಕಿಗಿಂತ ಬಿಸಿಯನ್ನೇ ಹೆಚ್ಚು ಕೊಡುತ್ತಿತ್ತು. ಮಳೆಗಾಲದಲ್ಲಿ ನನ್ನ ಬನಿಯನ್ನುಗಳು ಒಣಗಿದ್ದು ಅದರ ಮಗ್ಗುಲಲ್ಲೇ. ಇಸ್ತ್ರಿಪೆಟ್ಟಿಗೆ ಮಾತ್ರ ಪ್ರಾಮಾಣಿಕ. ತನಗೆ ಕಾಯುವುದೊಂದೇ ಗೊತ್ತು ಎಂದು ಮೊದಲೇ ಒಪ್ಪಿಕೊಂಡಿರುತ್ತದೆ.

ಇದೆಲ್ಲ ಪುಸ್ತಕ ಓದಿ ಹೇಳುತ್ತಿಲ್ಲ. ನಾನು ನಿವೃತ್ತ ಸರಕಾರಿ ಬಸ್ ಡ್ರೈವರ್. ಹಳೆಯ ಬಸ್ಸುಗಳಲ್ಲಿ ಎಂಜಿನ್ನು ನಮ್ಮ ತೊಡೆಯ ಪಕ್ಕದಲ್ಲೇ ಇರುತ್ತಿತ್ತು. ಶಿಗ್ಗಾಂವಿಯಲ್ಲಿ ಅದರ ಮುಚ್ಚಳದ ಮೇಲೆ ಬುತ್ತಿ ಇಟ್ಟರೆ ಹಾನಗಲ್ಲು ಮುಟ್ಟುವಷ್ಟರಲ್ಲಿ ಬದನೆಕಾಯಿ ಪಲ್ಯ ಹೊಗೆಯಾಡುತ್ತಿತ್ತು. ಯಂತ್ರದ ಬಿಸಿಯನ್ನು ಊಟಕ್ಕೆ ದುಡಿಸಿಕೊಂಡವನು ನಾನು. ಆ ವಿದ್ಯೆಯಿಂದಲೇ ಒಂದು ಬೇಸಿಗೆಯಲ್ಲಿ ನನ್ನ ಮೈದುನನನ್ನು ಮಂಗ ಮಾಡಿದ್ದೆ. ಅವನು ಸೆಕೆ ಸೆಕೆ ಎಂದು ಗೋಳಿಡುತ್ತಿದ್ದ. "ಫ್ರಿಜ್ಜಿನ ಬಾಗಲಾ ತಗದು ಅದರ ಮುಂದ ಕುಂತ್ಬಿಡೋ, ಕಾಶ್ಮೀರ ಆಗ್ತೈತಿ" ಎಂದೆ. ಬಾಗಿಲು ತೆರೆದು ಪದ್ಮಾಸನ ಹಾಕಿದ. ಫ್ರಿಜ್ಜು ಒಳಗಿನ ಬಿಸಿಯನ್ನು ಹಿಂದಿನಿಂದ ಹೊರಗೆ ತಳ್ಳುತ್ತದೆ, ಜೊತೆಗೆ ದುಡಿದ ಮೋಟಾರಿನ ಬಿಸಿ ಬೇರೆ. ಹೊರಗೆ ತಳ್ಳಿದರೂ ಎಲ್ಲಿಗೆ ಹೋದೀತು, ಅದೇ ಕೋಣೆಗೆ ತಾನೆ? ಸ್ವಲ್ಪ ಹೊತ್ತಿಗೆ ಕೋಣೆ ಮೊದಲಿಗಿಂತ ಹೆಚ್ಚು ಕಾದಿತ್ತು. ಮೈದುನನ ಮೂಗು ಮಾತ್ರ ತಣ್ಣಗಿತ್ತು, ಬೆನ್ನು ಬೆವೆತಿತ್ತು.

ಇಂಥ ನನಗೆ ಈ ಚಳಿಗಾಲದ ಶುರುವಿನಲ್ಲಿ ನನ್ನ ಹೆಂಡತಿ ಗಿರಿಜಾ ಮೊಸರಿಗೆ ಹೆಪ್ಪು ಹಾಕುವ ಕೆಲಸ ಒಪ್ಪಿಸಿ ಹಿರೇಕೆರೂರಿನ ಅಕ್ಕನ ಮನೆಗೆ ಹೊರಟಳು. ಮರುದಿನ ಬೆಳಗಿನ ಬಸ್ಸಿಗೆ ವಾಪಸು ಬರುವವಳು. ನಮ್ಮ ಮನೆಯ ಹೆಪ್ಪು ಸಾಮಾನ್ಯದ್ದಲ್ಲ. ಅವಳು ಮದುವೆಯಾಗಿ ಹಾನಗಲ್ಲಿನಿಂದ ಬರುವಾಗ ಅವಳ ಅವ್ವ ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಟ್ಟದ್ದು. ದಿನಾ ಒಂದು ಚಮಚ ತೆಗೆದಿಟ್ಟು, ಮರುದಿನದ ಹಾಲಿಗೆ ಹಾಕಿ, ಅಂದಿನಿಂದ ಇಂದಿನವರೆಗೆ ಅದನ್ನು ಬಿಡದೆ ಸಾಕಿದ್ದಾಳೆ. ಅತ್ತೆ ಈಗಿಲ್ಲ. ಆದರೆ ಗಿರಿಜಾ ಗಡಿಗೆಯ ಮುಚ್ಚಳ ತೆಗೆದು ಮೊಸರು ಗಟ್ಟಿಯಾಗಿ ಕೂತದ್ದು ಕಂಡಾಗಲೆಲ್ಲ "ಅವ್ವ ಚೊಲೋ ಕುಂತಾಳ ನೋಡ್ರಿ ಇವತ್ತು" ಎನ್ನುತ್ತಾಳೆ.

"ಹಾಲು ಉಗುರುಬೆಚ್ಚಗ ಇರ್ಲಿ. ಒಂದ್ ಚಮಚೆ ಹೆಪ್ಪ ಹಾಕ್ರಿ, ಉಳದಿದ್ದು ತಗದಿಡ್ರಿ. ಗಡಿಗಿ ಜೋಳದ ಡಬ್ಬಿಯೊಳಗ ಹುಗದಿಡ್ರಿ. ನಿಮ್ಮ ಡ್ರೈವರಕಿ ಅದರಾಗ ತೋರಸಬ್ಯಾಡ್ರಿ" ಎಂದು ಹೇಳಿ ಬಸ್ಸು ಹತ್ತಿದಳು.

ಜೋಳದ ರಾಶಿಯಲ್ಲಿ ಹುಗಿದ ಮೊಸರು ಚಳಿಗಾಲದಲ್ಲಿ ಕೂರಲು ಇಡೀ ರಾತ್ರಿ ಬೇಕು. ನನಗೋ, ಸಂಜೆಯೊಳಗೆ ಫೋನು ಮಾಡಿ "ನಿಮ್ಮವ್ವ ಆಗಲೇ ಕುಂತ್ಲು" ಎಂದು ಜಂಬ ಕೊಚ್ಚಬೇಕಿತ್ತು. ಮನೆಯಲ್ಲಿದ್ದ ಯಂತ್ರಗಳನ್ನೆಲ್ಲ ಮುಟ್ಟಿ ಮುಟ್ಟಿ ಪರೀಕ್ಷಿಸಿದೆ. ಟಿವಿಯ ಸೆಟ್‌ಟಾಪ್ ಡಬ್ಬಿ ಬೆಚ್ಚಗಿತ್ತು, ಆದರೆ ಗಡಿಗೆ ಕೂರುವಷ್ಟು ಅಗಲ ಇರಲಿಲ್ಲ. ಫ್ರಿಜ್ಜಿನ ಹಿಂದಿನ ಜಾಗವನ್ನು ಬೆಕ್ಕು ಆಗಲೇ ಹಿಡಿದಿತ್ತು. ಎಬ್ಬಿಸಹೋದರೆ ಗುರ್ ಎಂದಿತು. ಆಗ ಗಿರಿಜಾ ಮೊಣಕಾಲಿಗೆ ಶಾಖ ಕೊಟ್ಟುಕೊಳ್ಳುವ ಕರೆಂಟಿನ ಪಟ್ಟಿ ಕಣ್ಣಿಗೆ ಬಿತ್ತು. ಅದರ ಹೊಟ್ಟೆಯಲ್ಲಿ ಸಣ್ಣ ತಂತಿಯ ಸುರುಳಿ. ಕರೆಂಟಿಗೆ ಸಲೀಸಾಗಿ ದಾರಿ ಕೊಡದೆ ತಿಕ್ಕಾಡಿ ತಿಕ್ಕಾಡಿ ಬಿಸಿಯಾಗುವ ತಂತಿ. ಗಡಿಗೆಗೆ ಪಟ್ಟಿ ಸುತ್ತಿದೆ, ಮೇಲೆ ಕಂಬಳಿ ಹೊದಿಸಿದೆ, ಗುಂಡಿಯನ್ನು ಕೊನೆಯ ತನಕ ತಿರುಗಿಸಿದೆ. ಹೆಪ್ಪು ಜಾಸ್ತಿಯಾದರೆ ಬೇಗ ಕೂರುತ್ತದೆ ಎಂಬ ಇನ್ನೊಂದು ಜಾಣತನವೂ ಹೊಳೆದು, ಡಬ್ಬಿಯಲ್ಲಿದ್ದ ಅಷ್ಟನ್ನೂ ಮೊದಲೇ ಹಾಲಿಗೆ ಸುರಿದಿದ್ದೆ.

ಸಂಜೆ ಮುಚ್ಚಳ ತೆಗೆದೆ. ಅತ್ತೆ ಕೂತಿರಲಿಲ್ಲ. ಹಳದಿ ನೀರಿನಲ್ಲಿ ರಬ್ಬರಿನಂಥ ಗಡ್ಡೆಗಳು ತೇಲುತ್ತಿದ್ದವು. ಹೆಪ್ಪು ಅನ್ನುವುದು ಜೀವ. ಬೆಚ್ಚಗೆ ಅಪ್ಪಿಕೊಂಡರೆ ಬೆಳೆಯುತ್ತದೆ, ಕುದಿಸಿದರೆ ಸಾಯುತ್ತದೆ. ಬಸ್ಸಿನ ಪಲ್ಯಕ್ಕೆ ಆ ತೊಂದರೆ ಇರಲಿಲ್ಲ. ಮೊಸರು ಅಂಗಡಿಯಲ್ಲೂ ಸಿಗುತ್ತದೆ, ಹಾನಗಲ್ಲಿನ ಅವ್ವ ಎಲ್ಲಿ ಸಿಗಬೇಕು?

ಆಗ ನೆನಪಾದದ್ದು ಪಕ್ಕದ ಮನೆಯ ಫಾತಿಮಾಬಿ. ಸವಣೂರಿನಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಅವರು ಹೆಪ್ಪು ಒಯ್ದದ್ದು ಗಿರಿಜಾಳ ಕೈಯಿಂದಲೇ. ಅದೇ ವಂಶ ಗೋಡೆಯಾಚೆ ಜೀವಂತವಾಗಿತ್ತು! ಬಟ್ಟಲು ಹಿಡಿದು ಓಡಿದೆ. ಅವರ ಪಡಸಾಲೆಯಲ್ಲಿ ಲೈಟು ಉರಿಯುತ್ತಿತ್ತು, ಟಿವಿಯಲ್ಲಿ ಯಾರೋ ಅಳುತ್ತಿದ್ದರು.

"ಭಾಭಿ, ಒಂದ್ ಚಮಚೆ ಹೆಪ್ಪ ಕೊಡ್ರಿ."

ಫಾತಿಮಾಬಿ ನನ್ನನ್ನೂ ಬಟ್ಟಲನ್ನೂ ಅನುಮಾನದಿಂದ ನೋಡಿದರು. "ಈ ಸರ್ತಿ ಏನ್ ಹುನ್ನಾರ ಮಾಮಾ? ಹೋದ ಸಲ ಸಕ್ರಿ ಅಂತ ಉಪ್ಪ ಕೊಟ್ ಹೋಗಿದ್ರಿ."

"ಖರೇನ ರೀ. ಹೆಪ್ಪ ಸತ್ತೈತಿ. ನಾನ ಕುದಿಸಿ ಕೊಂದೇನಿ."

ನನ್ನ ಮುಖ ನೋಡಿ ಅವರ ಅನುಮಾನ ಹೋಯಿತು. ಆದರೂ ತಲೆಯಾಡಿಸಿದರು. "ಅಯ್ಯ, ದೀಪಾ ಹಚ್ಚಿದ ಮ್ಯಾಲೆ ಹಾಲು, ಮೊಸರು, ಹೆಪ್ಪ ಮನಿಯಿಂದ ಹೊರಗ ಕೊಡಬಾರ್ದು ಅಂತ ನಿಮ್ಮ ಮನಿಯಾಕಿನ ನನಗ ಕಲಿಸ್ಯಾಳ. ಆಕಿ ಮಾತು ನಾ ಇವತ್ತಿನತನಾ ಮುರದಿಲ್ಲ. ಮುಂಜಾನೆ ಬರ್ರಿ."

"ಮುಂಜಾನೆ ಆಕಿನೂ ಬರ್ತಾಳ್ರಿ!"

"ಹಂಗಾರ ಆಕಿನ್ನ ಕೇಳ್ರಿ."

ದೀಪ ಹಚ್ಚಿದ ಮೇಲೆ ಕೊಡಬಾರದು, ಅಷ್ಟೆ ತಾನೆ? ಅವರ ಜಗುಲಿಗೆ ಬಂದೆ. ಮೀಟರಿನ ಕೆಳಗಿನ ಮೇನ್ ಸ್ವಿಚ್ಚನ್ನು ಖಟ್ ಎಂದು ಇಳಿಸಿದೆ. ಇಡೀ ಮನೆ ಕತ್ತಲಾಯಿತು. ಟಿವಿಯಲ್ಲಿ ಅಳುತ್ತಿದ್ದವಳು ನಡುವೆಯೇ ಸುಮ್ಮನಾದಳು.

"ಯಾರ್ರಿ ಅದು, ಕರೆಂಟ್ ತಗದಾವ್ರು!" ಒಳಗಿನಿಂದ ಕೂಗು ಬಂತು.

"ಈಗ ನಿಮ್ಮ ಮನ್ಯಾಗ ದೀಪಾ ಎಲ್ಲೈತ್ರಿ ಭಾಭಿ? ಕೊಡ್ರಿ ಹೆಪ್ಪ!"

ಕತ್ತಲಲ್ಲಿ ಬಳೆಗಳು ಗಲಗಲ ಎಂದವು. ಫಾತಿಮಾಬಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಡವರಿಸುತ್ತ ಹೋಗಿ ಬಟ್ಟಲಿಗೆ ಹಾಕಿ ತಂದರು. "ಹಿಡೀರಿ, ನಿಮ್ಮ ಅತ್ತಿನ್ನ. ಈ ಸಲ ಸುಡಬ್ಯಾಡ್ರಿ."

ಅವರ ಸ್ವಿಚ್ಚನ್ನು ಮತ್ತೆ ಮೇಲೆತ್ತಿ, ಮನೆಗೆ ಬಂದು ಬೇರೆ ಹಾಲು ಉಗುರುಬೆಚ್ಚಗೆ ಮಾಡಿ ಹೆಪ್ಪು ಹಾಕಿದೆ, ಒಂದಿಷ್ಟು ತೆಗೆದೂ ಇಟ್ಟೆ. ಯಾವ ಯಂತ್ರದ ಮೇಲೂ ನಂಬಿಕೆ ಉಳಿದಿರಲಿಲ್ಲ, ನನ್ನ ಮೇಲೆ ಮೊದಲೇ ಇಲ್ಲ. ಗಡಿಗೆಯನ್ನು ತೊಡೆಯ ಮೇಲಿಟ್ಟು ಕಂಬಳಿ ಹೊದ್ದು, ಮಲಗುವ ಹೊತ್ತಿನ ತನಕ ಕುರ್ಚಿಯಲ್ಲಿ ಗೊಂಬೆಯಂತೆ ಕೂತೆ. ಆಮೇಲೆ ಜೋಳದಲ್ಲಿ ಹುಗಿದೆ.

ಬೆಳಗ್ಗೆ ಗಿರಿಜಾ ಬಂದವಳೇ ಚೀಲ ಕೂಡ ಇಳಿಸದೆ ಗಡಿಗೆಯ ಮುಚ್ಚಳ ತೆಗೆದಳು. ಬೆರಳಿನಿಂದ ತುಸು ನೆಕ್ಕಿದಳು. ಕಣ್ಣು ಮುಚ್ಚಿದಳು.

"ಅವ್ವ ಬರೋಬ್ಬರಿ ಕುಂತಾಳ. ನನ್ನ ಕೈಯಾಗೂ ಇಷ್ಟ ಗಟ್ಟಿ ಕುಂತಿದ್ದಿಲ್ಲ."

"ಮತ್ತೇನ ಅನ್ಕೊಂಡಿ? ಈ ಕೈ ಸ್ಟೇರಿಂಗ್ ಹಿಡಿದ ಕೈ!" ಎಂದು ಎದೆ ಉಬ್ಬಿಸಿದೆ.

"ಕೈ ಅಲ್ರಿ, ತೊಡಿ. ಫಾತಿಮಾಬಿ ನಿನ್ನೆನ ಫೋನ್ ಮಾಡಿದ್ಲು. ಕಿಡಕ್ಯಾಗಿಂದ ನೋಡ್ಯಾಳ, ಕಂಬಳಿ ಹೊತ್ತು ಕಾವಿಗೆ ಕುಂತ ಕೋಳಿಯಂಗ ಕುಂತಿದ್ರಂತ" ಎಂದು ಗಿರಿಜಾ ಗಡಿಗೆ ಮುಚ್ಚಿದಳು. "ಇನ್ನ ಥಂಡಿ ಮುಗಿಯೂತನಾ ಇದ ನಿಮ್ಮ ಡ್ಯೂಟಿ. ಎರಡ ರೊಟ್ಟಿ ಹಾಕಿದ್ರ ಸಾಕು, ನೀವು ಹದಾ ಕಾಯ್ತೀರಿ. ಬಿಲ್ಲೂ ಬರೂದಿಲ್ಲ."

ಈಗ ದಿನಾ ಸಂಜೆ ಊಟವಾದ ಮೇಲೆ ತೊಡೆಯ ಮೇಲೆ ಗಡಿಗೆ ಬರುತ್ತದೆ. ಗಡಿಗೆ ಅಲುಗಾಡಿದರೆ ಮೊಸರು ಒಡೆಯುತ್ತದೆ, ಹಾಗಾಗಿ ಕಾಲು ಆಡಿಸುವಂತಿಲ್ಲ, ಕೈ ಬೀಸಿ ಮಾತಾಡುವಂತಿಲ್ಲ, ಹೊಟ್ಟೆ ಕುಣಿಯುವಂತೆ ನಗುವಂತಂತೂ ಇಲ್ಲವೇ ಇಲ್ಲ. ಇದು ಗೊತ್ತಿದ್ದೇ ಫಾತಿಮಾಬಿ ಅದೇ ಹೊತ್ತಿಗೆ ಬಂದು ಗಿರಿಜಾಳ ಪಕ್ಕ ಕೂತು, ಮೇನ್ ಸ್ವಿಚ್ಚಿನ ಕಥೆಯನ್ನು ದಿನಕ್ಕೊಂದು ಹೊಸ ಬಾಲ ಹಚ್ಚಿ ಹೇಳುತ್ತಾರೆ. ನಿನ್ನೆಯ ಕಥೆಯಲ್ಲಿ ನಾನು ಕತ್ತಲಲ್ಲಿ ಅವರ ಕಾಲಿಗೆ ಬಿದ್ದಿದ್ದೆನಂತೆ. ಶುದ್ಧ ಸುಳ್ಳು. ಹೇಳೋಣವೆಂದು ಬಾಯಿ ತೆರೆದೆ.

"ಶ್‌, ಅಳ್ಳಾಡಬ್ಯಾಡ್ರಿ" ಎಂದಳು ಗಿರಿಜಾ. "ಅವ್ವ ಕುಂಡ್ರಾಕತ್ತಾಳ."