ನಲವತ್ತು ಬಕೆಟ್ ಬಿಸಿನೀರು

ಕಲಬುರ್ಗಿಯ ಖೂಬಾ ಪ್ಲಾಟಿನ ಬಾಡಿಗೆ ಮನೆಯ ಕಟ್ಟೆ ಮೇಲೆ ಕುಳಿತು ಮಾಳಿಂಗಪ್ಪ ಮಾಡಿದ ಪ್ರತಿಜ್ಞೆಯನ್ನು ಓಣಿಯ ಮಂದಿಯೆಲ್ಲ ಕೇಳಿದ್ದರು.

"ಬರ್ಫ ಅಂದ್ರ ಏನು? ನೀರು. ನೀರಿಗೆ ಹೆದರೋ ಗಂಡಸು ನಮ್ಮ ಕಮಲಾಪುರದಾಗ ಇನ್ನೂ ಹುಟ್ಟಿಲ್ಲ. ಒಂದು ಚಳಿಗಾಲದಾಗ ಅದನ್ನ ಸೀದಾ ಮಾಡಿ ಬರ್ತೀನಿ, ನೋಡ್ತಿರ್ರಿ."

ಅದು 1991ರ ಮೇ ತಿಂಗಳು. ಕಟ್ಟೆಯ ಕಲ್ಲೇ ರೊಟ್ಟಿ ಹಂಚಿನಂತೆ ಕಾದಿತ್ತು. ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ಹಿಮಕ್ಕೆ ಸವಾಲು ಹಾಕಬಹುದು ಎಂದು ಹೇಳುವ ಧೈರ್ಯ ಓಣಿಯಲ್ಲಿ ಒಬ್ಬರಿಗೂ ಇರಲಿಲ್ಲ. ಯಾಕೆಂದರೆ ಮಾಳಿಂಗಪ್ಪ ಆಗ ಓಣಿಯ ಹೀರೊ. ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಗೆ ಬಾಯ್ಲರ್ ಕೂಡಿಸಲು ಬಂದಿದ್ದ ಕೆನಡಾದ ಎಂಜಿನಿಯರುಗಳು ಅವನು ಹಾಕಿದ ವೆಲ್ಡಿಂಗಿನ ಮೇಲೆ ಬೆರಳಾಡಿಸಿ, ತಲೆದೂಗಿ, ತಮ್ಮ ಊರಿನ ಉಕ್ಕಿನ ಕಾರ್ಖಾನೆಗೆ ಕರೆದುಬಿಟ್ಟಿದ್ದರು. ಆರು ತಿಂಗಳು ಪರೀಕ್ಷೆ. ಫೋರ್ಮನ್ ಒಪ್ಪಿ ಬರೆದರೆ ಕೆಲಸ ಕಾಯಂ, ಇಲ್ಲದಿದ್ದರೆ ಬಂದ ವಿಮಾನದಲ್ಲೇ ವಾಪಸ್ಸು.

ಹೆಂಡತಿ ಪುತಳಾಬಾಯಿ ಮಹಾಗಾಂವದ ಒಕ್ಕಲುತನದ ಮನೆಯ ಮಗಳು. ಅವಳು ಪ್ರತಿಜ್ಞೆ ಗಿತಿಜ್ಞೆ ಮಾಡಲಿಲ್ಲ. ಸುಮ್ಮನೆ ಎರಡು ಗೋಣಿಚೀಲ ಜೋಳದ ಹಿಟ್ಟು, ಒಂದು ಡಬ್ಬಿ ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ, ತಾಯಿ ಹೊಲಿದ ಎರಡು ಕೌದಿ ಕಟ್ಟಿಕೊಂಡಳು.

ಕೆನಡಾದ ಆ ಊರು ಒಂದು ದೊಡ್ಡ ಕೆರೆಯ ದಂಡೆಯಲ್ಲಿತ್ತು. ಕೆರೆ ಎಂದರೆ ಆಚೆ ದಂಡೆಯೇ ಕಾಣದಂಥದು. ಊರಿನ ತುಂಬ ಚಿಮಣಿಗಳು. ಮುಂಜಾನೆ ಆರಕ್ಕೆ ಕಾರ್ಖಾನೆಯ ಭೋಂಗಾ ಕೂಗಿದರೆ ಸಾಕು, ಪ್ರತಿ ಮನೆಯಿಂದಲೂ ಒಬ್ಬ ಊಟದ ಡಬ್ಬಿ ಹಿಡಿದು ಹೊರಬೀಳುತ್ತಿದ್ದ. ಚಳಿ ಹತ್ತಿದ ಮೇಲಂತೂ ಮುಖ ನೋಡಿ ಗುರುತು ಹಿಡಿಯುವ ಮಾತೇ ಇಲ್ಲ. ಟೊಪ್ಪಿಗೆಯಿಂದ ಬೂಟಿನವರೆಗೆ ಎಲ್ಲರೂ ಒಂದೇ ಸಮ ಹಾಸಿಗೆ ಸುತ್ತಿಟ್ಟ ಹಾಗೆ. ನವೆಂಬರಿನಲ್ಲಿ ಹಿಮ ಬಿತ್ತು. ಮುಂಜಾನೆ ನೋಡಿದರೆ ಊರಿಗೆ ಊರೇ ಹಿಂಜಿದ ಹತ್ತಿಯಲ್ಲಿ ಮುಳುಗಿತ್ತು. ಮಧ್ಯಾಹ್ನದ ಹೊತ್ತಿಗೆ ಚಿಮಣಿಯ ಮಸಿ ಬಿದ್ದು ಅದೇ ಹತ್ತಿ ಗ್ಯಾರೇಜಿನಲ್ಲಿ ಕೈ ಒರೆಸಿದ ಚಿಂದಿಯಂತಾಯಿತು. ಪುತಳಾಬಾಯಿ ಮೊದಲ ದಿನ ಅರಿಯದೆ ಒಗೆದ ಲುಂಗಿಯನ್ನು ಹಿತ್ತಲಿನ ಹಗ್ಗಕ್ಕೆ ಒಣಹಾಕಿದಳು. ಸಂಜೆ ಅದು ಹಗ್ಗದಿಂದ ಇಳಿಸಿದ ಮೇಲೂ ತಾನೇ ನೆಟ್ಟಗೆ ನಿಂತಿತು. ಮಾಳಿಂಗಪ್ಪ ಅದನ್ನು ಬಾಗಿಲ ಹಾಗೆ ಬಗಲಲ್ಲಿಟ್ಟುಕೊಂಡು ಒಳಗೆ ತಂದ.

ಆದರೂ ಊರು ಅವರಿಗೆ ಹಿಡಿಸಿತು. ಅಲ್ಲಿ ಕಾರು ಹಿಮದಲ್ಲಿ ಸಿಕ್ಕರೆ ಹೋಗುವವರು ಬರುವವರು ಹೆಸರು ಕೇಳದೆ ದೂಡುತ್ತಿದ್ದರು. ಮೂರು ಮನೆಯಾಚೆ ಕುಲ್ಸುಮ್ ಎಂಬಾಕೆ ಸಿಕ್ಕಳು. ಆಕೆ ಕಲಬುರ್ಗಿಯ ಸ್ಟೇಶನ್ ಬಜಾರದಲ್ಲಿ ಹುಟ್ಟಿ ಬೆಳೆದವಳು, ಗಂಡನ ಜೊತೆ ಬಂದು ಹತ್ತು ವರ್ಷವಾಗಿತ್ತು. ಹಿಮದೂರಿನ ನಡುಬೀದಿಯಲ್ಲಿ "ಯಾ ಊರಾಯ್ತವ್ವಾ ನಿಮ್ದು?" ಎಂದು ಕೇಳಿದ ಆ ದನಿಗೆ ಪುತಳಾಬಾಯಿ ಅಲ್ಲೇ ನಿಂತು ಅತ್ತಿದ್ದಳು. ಅವತ್ತಿನಿಂದ ಆಕೆ ಇವಳಿಗೆ ಆಪಾ, ಅಂದರೆ ಅಕ್ಕ.

ಊರಿನಲ್ಲಿ ಒಂದೇ ಒಂದು ಕಾಯದೆ ಮಾಳಿಂಗಪ್ಪನಿಗೆ ಸರಿಬರಲಿಲ್ಲ. ಹಿಮ ಬಿದ್ದರೆ ಮನೆಯ ಮುಂದಿನ ಕಾಲುದಾರಿಯನ್ನು ಆಯಾ ಮನೆಯವರೇ ಸಲಿಕೆಯಿಂದ ಬಳಿದು ಸ್ವಚ್ಛ ಇಡಬೇಕು. ಎರಡು ಸಲ ಬಳಿದ. ಎರಡು ಸಲವೂ ಸೊಂಟ ಹಿಡಿದು, ಪುತಳಾಬಾಯಿಯ ಕೈಯಿಂದ ಎಣ್ಣೆ ತಿಕ್ಕಿಸಿಕೊಂಡು ಬೋರಲು ಮಲಗಿದ. ಮೂರನೆಯ ಸಲ ಹಿಮ ಬಿದ್ದದ್ದು ಜನವರಿಯ ಒಂದು ಭಾನುವಾರ, ಅದೂ ಮೊಣಕಾಲುದ್ದ. ಅವತ್ತೇ ಇವರು ಫೋರ್ಮನ್ನನನ್ನೂ ಅವನ ಹೆಂಡತಿಯನ್ನೂ ತಮ್ಮ ಮನೆಗೆ ಊಟಕ್ಕೆ ಕರೆದಿದ್ದರು. ಫೋರ್ಮನ್ ಹೆಸರು ರೊಕ್ಕೋ. ಇಟಲಿಯ ಕಡೆಯವನು. ಪುತಳಾಬಾಯಿ ಮಾತ್ರ ಅವನನ್ನು ರೊಕ್ಕಪ್ಪ ಎಂದೇ ಕರೆಯುತ್ತಿದ್ದಳು. ಕಾಯಂ ಕಾಗದಕ್ಕೆ ಸಹಿ ಹಾಕಬೇಕಾದವನು ಇವನೇ.

ಅಡುಗೆಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಕುದಿಯುತ್ತಿತ್ತು. ಮಾಳಿಂಗಪ್ಪ ಕಿಟಕಿಯಿಂದ ಹಿಮ ನೋಡಿದ, ಮೂಲೆಯ ಸಲಿಕೆ ನೋಡಿದ, ಆಮೇಲೆ ಬಚ್ಚಲಿನ ನಲ್ಲಿ ನೋಡಿದ. ಆ ದೇಶದಲ್ಲಿ ನಲ್ಲಿ ತಿರುಗಿಸಿದರೆ ಹೊಗೆಯಾಡುವ ನೀರು ಬರುತ್ತದೆ. ಇಪ್ಪತ್ತು ವರ್ಷ ಬಾಯ್ಲರಿನ ಪಕ್ಕ ನಿಂತವನ ತಲೆಯಲ್ಲಿ ಒಮ್ಮೆಲೇ ಬೆಳಕಾಯಿತು.

"ಈ ಊರಿನ ಮಂದಿಗೆ ಬುದ್ಧಿ ಇಲ್ಲ ನೋಡು," ಎಂದ. "ಇಷ್ಟು ಬಿಸಿನೀರು ಇಟ್ಕೊಂಡು ಸಲಿಕಿ ಹಿಡದು ಸಾಯಾಕತ್ತಾರ."

ಪುತಳಾಬಾಯಿ ರೊಟ್ಟಿ ಬಡಿಯುತ್ತಲೇ, ಅಷ್ಟು ಸಸಾರ ಇದ್ದರೆ ಅವರು ಇಷ್ಟು ವರ್ಷ ಮಾಡದೆ ಬಿಡುತ್ತಿದ್ದರೇ, ಒಮ್ಮೆ ಆಪಾನನ್ನು ಕೇಳಿರಿ ಎಂದಳು. ಬಾಯ್ಲರಿನವನು ನೀರಿನ ವಿಷಯ ಹೆಂಗಸರನ್ನು ಕೇಳುವುದೇ? ಕೇಳಲಿಲ್ಲ. ಬಕೆಟ್ ಹಿಡಿದ.

ಮೊದಲ ಬಕೆಟ್ಟಿಗೇ ಹಿಮ ಬುಸ್ಸೆಂದು ಕುಸಿದು ಕಲ್ಲು ಕಂಡಿತು. ಮಾಳಿಂಗಪ್ಪನ ಎದೆ ಉಬ್ಬಿತು. ಹತ್ತು ಬಕೆಟ್ಟಿಗೆ ತನ್ನ ಮನೆಯ ಮುಂದಿನ ದಾರಿ ಸ್ವಚ್ಛ. ಕೈ ಅಲ್ಲಿಗೇ ನಿಂತಿದ್ದರೆ ಈ ಕಥೆ ಇಷ್ಟು ಬೆಳೆಯುತ್ತಿರಲಿಲ್ಲ. ಆದರೆ ಉಪಕಾರ ಬುದ್ಧಿ ಸುಮ್ಮನಿರಬೇಕಲ್ಲ. ಪಕ್ಕದ ಮನೆಯವರದೂ ಮಾಡಿದ, ಅದರ ಪಕ್ಕದವರದೂ ಮಾಡಿದ. ದಾರಿ ಇಳಿಜಾರು, ಕೆಳಗೆ ಬಸ್ ಸ್ಟಾಪಿನವರೆಗೂ ನೀರು ತಾನೇ ಹರಿದು ಕೆಲಸ ಮುಗಿಸಿತು. ಒಟ್ಟು ನಲವತ್ತು ಬಕೆಟ್. ತೊಳೆದ ಅಂಗಳದಂತೆ ಫಳಫಳ ಹೊಳೆಯುವ ದಾರಿಯನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿ, ಇನ್ನು ರಂಗೋಲಿ ಒಂದು ಬಾಕಿ ಎಂದುಕೊಂಡು ಒಳಗೆ ಹೋಗಿ ಸ್ನಾನಕ್ಕೆ ನಿಂತ.

ಹೊರಗಿನ ಥಂಡಿ ಸೊನ್ನೆಯ ಕೆಳಗೆ ಹದಿನೆಂಟು. ಅವನು ಮೈಗೆ ಸಾಬೂನು ಹಚ್ಚುವಷ್ಟರಲ್ಲಿ ದಾರಿ ಗಾಜಾಗಿತ್ತು.

ಮೊದಲು ಬಿದ್ದದ್ದು ಪಕ್ಕದ ಮನೆಯ ಮುದುಕ, ಅವನ ನಾಯಿಯ ಸಮೇತ. ನಾಯಿ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಚಾಚಿ ಹಾಗೇ ಕೆಳಗೆ ಹೋಯಿತು, ಹಗ್ಗ ಹಿಡಿದ ಮುದುಕ ಅದರ ಹಿಂದೆ. ಆಮೇಲೆ ಪಾಳಿ ಮುಗಿಸಿ ಬರುತ್ತಿದ್ದ ಮೂವರು ಕೆಲಸಗಾರರು. ಒಬ್ಬ ಬೀಳುವಾಗ ಇನ್ನೊಬ್ಬನನ್ನು ಹಿಡಿದ, ಅವನು ಮೂರನೆಯವನನ್ನು ಹಿಡಿದ; ಮೂವರೂ ರೈಲಿನ ಡಬ್ಬಿಗಳಂತೆ ಸಾಲಾಗಿ ಬಸ್ ಸ್ಟಾಪ್ ಮುಟ್ಟಿದರು. ದಪ್ಪ ಬಟ್ಟೆಯ ಪುಣ್ಯ, ಯಾರಿಗೂ ಪೆಟ್ಟಾಗಲಿಲ್ಲ.

ಗದ್ದಲಕ್ಕೆ ಮಾಳಿಂಗಪ್ಪ ಅವಸರದಲ್ಲಿ ಬಟ್ಟೆ ತೊಟ್ಟು, ಟೊಪ್ಪಿಗೆ ಸಿಕ್ಕಿಸಿಕೊಂಡು ಬಾಗಿಲು ತೆರೆದ. ಅದೇ ಗಳಿಗೆಗೆ ಮನೆಯ ಮುಂದೆಯೇ ರಸ್ತೆಯ ಬದಿಗೆ ಕಾರು ನಿಲ್ಲಿಸಿ, ಎರಡೂ ಕೈಯಲ್ಲಿ ಕೇಕಿನ ಪೆಟ್ಟಿಗೆ ಹಿಡಿದ ರೊಕ್ಕೋ ನಗುನಗುತ್ತ ಕಾಲುದಾರಿಗೆ ಕಾಲಿಟ್ಟ. ಬೇಡ, ಅಲ್ಲೇ ನಿಲ್ಲಿರಿ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಮಾಳಿಂಗಪ್ಪ ಹುಡುಕುತ್ತಿರುವಾಗಲೇ ಫೋರ್ಮನ್ ಕೂತ. ಕೂತವನು ಹೊರಟ. ತನ್ನ ಕಾಯಂ ಕೆಲಸವೇ ಕಣ್ಣೆದುರು ಜಾರಿ ಹೋಗುತ್ತಿದೆ ಎನಿಸಿ ಮಾಳಿಂಗಪ್ಪ ಅದನ್ನು ಹಿಡಿಯಲು ಹಾರಿದ. ಈಗ ಇಬ್ಬರೂ ಹೊರಟರು. ಫೋರ್ಮನ್ ಕೇಕನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ, ಮಾಳಿಂಗಪ್ಪ ಫೋರ್ಮನ್ನನ ಕೋಟು ಹಿಡಿದಿದ್ದ. ಬಸ್ ಸ್ಟಾಪಿಗೆ ಇವರು ತಲುಪುವುದಕ್ಕೂ ಬಸ್ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಡ್ರೈವರ್ ಬಾಗಿಲು ತೆರೆದು, ಕೆಳಗೆ ಕೂತ ಇಬ್ಬರನ್ನೂ ಒಮ್ಮೆ ನೋಡಿ, ಹತ್ತುತ್ತೀರಾ ಎಂದು ಬಹಳ ಮರ್ಯಾದೆಯಿಂದ ಕೇಳಿದ.

ಮೇಲೆ ಫೋರ್ಮನ್ನನ ಹೆಂಡತಿ ಕಾರಿನ ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಪುತಳಾಬಾಯಿ ಹೊರಗೆ ಬಂದು ಒಂದು ಕ್ಷಣ ನೋಡಿದಳು. ಒಳಗೆ ಹೋಗಿ ತಾಯಿ ಹೊಲಿದ ಕೌದಿಗಳನ್ನು ತಂದು ಕಾರಿನಿಂದ ಹೊಸ್ತಿಲತನಕ ಹಾಸಿದಳು. ಫೋರ್ಮನ್ನನ ಹೆಂಡತಿ ಅವುಗಳ ಮೇಲೆ ಮಹಾರಾಣಿಯ ಹಾಗೆ ನಡೆದು ಬಂದಳು. ಉಳಿದ ಕಡೆ ಹಿಟ್ಟಿನ ಖಾಲಿ ಗೋಣಿಚೀಲ ಬಿದ್ದವು. ಅಷ್ಟರಲ್ಲಿ ಕುಲ್ಸುಮ್ ಒಂದು ಚೀಲ ಉಪ್ಪು, ಒಂದು ಬುಟ್ಟಿ ಉಸುಕು ತಂದು ಹೊಲಕ್ಕೆ ಗೊಬ್ಬರ ಎರಚಿದಂತೆ ಎರಚುತ್ತ ಕೆಳಗಿಳಿದಳು. ಮೇಲೆ ಹತ್ತಲಾಗದೆ ಕಂಬ ತಬ್ಬಿಕೊಂಡು ನಿಂತಿದ್ದ ಮಾಳಿಂಗಪ್ಪನ ಹತ್ತಿರ ಬಂದು ಅಂದಳು:

"ಭಾಯಿಸಾಬ್, ಉಪ್ಪು ಹಾಕಬೇಕ್ರಿ. ನೀರು ಅಲ್ಲ. ಇದು ಇಲ್ಲಿ ಮೂರು ವರ್ಷದ ಬಚ್ಚಾಗೂ ಮಾಲೂಮ್ ಅದ."

ಊಟಕ್ಕೆ ರೊಕ್ಕೋ ಎರಡು ದಿಂಬಿನ ಮೇಲೆ ಕೂತ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಒಂದು ತುತ್ತಿಗೆ ಕಣ್ಣಲ್ಲಿ ನೀರು ಬಂತು, ಆದರೂ ಮೂರು ರೊಟ್ಟಿ ಉಂಡ. ನೆತ್ತಿಯ ಮೇಲೆ ಹಿಡಿದು ತಂದ ಕೇಕು ಒಂದಿಷ್ಟೂ ಮುರಿದಿರಲಿಲ್ಲ. ಮಾಳಿಂಗಪ್ಪ ಮಾತ್ರ ಒಂದೇ ರೊಟ್ಟಿಯನ್ನು ಚೂರುಚೂರು ಮಾಡುತ್ತ ಕೂತಿದ್ದ. ಕಡೆಗೆ ಧೈರ್ಯ ಮಾಡಿ ಕ್ಷಮೆ ಕೇಳಿದ. ಫೋರ್ಮನ್ ಕೈ ಒರೆಸಿಕೊಂಡು, ತನ್ನ ಊರೂ ಬಿಸಿಲಿನ ಹಳ್ಳಿಯೇ, ತಾನು ಇಲ್ಲಿಗೆ ಬಂದ ಮೊದಲ ವರ್ಷ ಕಾರಿನ ಗಾಜಿನ ಮೇಲಿನ ಹಿಮಕ್ಕೆ ಕುದಿಯುವ ನೀರು ಸುರಿದಿದ್ದೆ ಎಂದು ಹೇಳಿದ. ಗಾಜು ನಡುವೆ ಸೀಳಿತಂತೆ. ಕಾರು ಅವನ ಮಾವನದಂತೆ. ಅವನ ಹೆಂಡತಿ ಅದನ್ನು ನೆನೆದು ನಕ್ಕಳು, ಪುತಳಾಬಾಯಿಗೆ ಭಾಷೆ ತಿಳಿಯದಿದ್ದರೂ ಅರ್ಥವಾಗಿ ಅವಳೂ ನಕ್ಕಳು.

ಸಂಜೆ ಓಣಿಯವರೆಲ್ಲ ಸಲಿಕೆ ತಂದು ಮಾಳಿಂಗಪ್ಪನ ಜೊತೆ ನಿಂತು ದಾರಿಯ ಮಂಜುಗಡ್ಡೆ ಒಡೆದರು. ನಾಯಿಯ ಮುದುಕ ಬಂದು, ಸೊಂಟ ಬಗ್ಗಿಸದೆ ಮೊಣಕಾಲು ಬಗ್ಗಿಸಿ ಸಲಿಕೆ ಹಿಡಿಯುವುದನ್ನು ಕಲಿಸಿಕೊಟ್ಟ. ಅವತ್ತು ಸೊಂಟ ನೋಯಲಿಲ್ಲ. ಈ ಊರಿನಲ್ಲಿ ಇದ್ದುಬಿಡಬಹುದು ಎಂದು ಮಾಳಿಂಗಪ್ಪನಿಗೆ ಮೊದಲ ಸಲ ಅನಿಸಿದ್ದು ಆವಾಗಲೇ.

ತಿಂಗಳೊಪ್ಪತ್ತಿನಲ್ಲಿ ರೊಕ್ಕೋ ಬರೆದ ಕಾಗದ ಕೈಗೆ ಬಂತು. ಕೈಬರಹ ಇರುವೆ ಹರಿದಂತಿತ್ತು. ಮಾಳಿಂಗಪ್ಪನಿಗೆ ಓದಲು ಬಂದದ್ದು ಎಕ್ಸಲೆಂಟ್ ಎಂಬ ಒಂದೇ ಶಬ್ದ, ಕೆಳಗೆ ದುಂಡನೆಯ ಮೊಹರು. ಅಷ್ಟು ಸಾಕಾಯಿತು. ಅದರ ಝೆರಾಕ್ಸ್ ತೆಗೆಸಿ, ಊರಿನವರಿಗೆಲ್ಲ ತೋರಿಸೆಂದು ಬರೆದು, ಕಮಲಾಪುರದ ಅಣ್ಣ ಅಮೋಘಸಿದ್ದನಿಗೆ ಪೋಸ್ಟ್ ಮಾಡಿದ. ಮಾರನೆಯ ದಿನ ಕುಲ್ಸುಮ್ ಮೂಲ ಕಾಗದ ಓದಿ ಹೇಳಿದಳು. ವೆಲ್ಡಿಂಗ್ ಎಕ್ಸಲೆಂಟ್, ಕೂಡಲೇ ಕಾಯಂ ಮಾಡಿರಿ. ಇವರ ಕೈಗೆ ಬಿಸಿನೀರಿನ ಬಕೆಟ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿರಿ ಎಂದಿತ್ತು. ಮಾಳಿಂಗಪ್ಪ ಅಂಚೆ ಡಬ್ಬಿಯ ತನಕ ಓಡಿ ಹೋಗಿ ಬಂದ. ಪ್ರಯೋಜನವಾಗಲಿಲ್ಲ.

ಅಣ್ಣನಿಗೆ ಇಂಗ್ಲಿಷ್ ಓದಲು ಬಾರದು, ಕಾಗದ ಟ್ರಂಕಿನಲ್ಲಿ ಬಿದ್ದಿರುತ್ತದೆ ಎಂದು ಎರಡು ವರ್ಷ ಸಮಾಧಾನ ಮಾಡಿಕೊಂಡ. ರಜೆಯ ಮೇಲೆ ಗಂಡಹೆಂಡಿರು ಕಮಲಾಪುರದಲ್ಲಿ ಬಸ್ಸಿಳಿದಾಗ ಅಣ್ಣ ಹಾರ ಹಿಡಿದು ನಿಂತಿದ್ದ. ಹೋಟೆಲಿನ ಮಂದಿ ಎದ್ದು ಬಂದು, ಬರ್ಫದ ಊರಿನಲ್ಲಿ ಬಾಳೇವು ಹ್ಯಾಂಗ ಎಂದು ಕೇಳಿದರು. ಏನಿಲ್ಲ, ರೂಢಿಯಾದರೆ ಎಲ್ಲ ಸಸಾರ ಎಂದು ಮಾಳಿಂಗಪ್ಪ ಗಂಭೀರವಾಗಿ ಹೇಳಿದ. ಎಲ್ಲರೂ ಅಷ್ಟೇ ಗಂಭೀರವಾಗಿ ತಲೆಯಾಡಿಸಿದರು. ಬಕೆಟಿನ ಸುದ್ದಿ ಯಾರೂ ಎತ್ತಲಿಲ್ಲ. ಅವನ ಎದೆಯ ಮೇಲಿನ ಕಲ್ಲು ಇಳಿಯಿತು.

ಮನೆಗೆ ಬಂದು, ಪ್ರಯಾಣದ ಧೂಳು ಹೋಗಲಿ ಎಂದು ಟಾವೆಲ್ ಹೆಗಲಿಗೆ ಹಾಕಿ ಬಚ್ಚಲಿಗೆ ಹೋದ. ಒಲೆಯ ಮೇಲೆ ಹಂಡೆಯ ನೀರು ಕುದಿಯುತ್ತಿತ್ತು. ಬಕೆಟ್ಟಿಗೆ ಕೈ ಹಾಕಿದನೋ ಇಲ್ಲವೋ, ಅಡುಗೆಮನೆಯಿಂದ ಅಣ್ಣನ ಹೆಂಡತಿ, ವೈನಿ ಬಂಡಮ್ಮ ಓಡಿ ಬಂದು ಅದನ್ನು ಕಸಿದುಕೊಂಡಳು. ಮುಖದಲ್ಲಿ ನಗೆಯ ಸುಳಿವೇ ಇರಲಿಲ್ಲ.

"ನೀ ಸುಮ್ನ ಮಣೀ ಮ್ಯಾಲ ಕೂಡು ಮಾಳಿಂಗಪ್ಪ. ನೀರು ನಾನ ತೋಡಿ ಕೊಡ್ತೀನಿ. ನಿನ್ನ ಕೈಗಿ ಬಕೆಟ್ ಕೊಡಬಾರದಂತ ಕೆನಡಾದಿಂದ ಆರ್ಡರ್ ಬಂದದ, ಸಾಲಿ ಮಾಸ್ತರ ಪಂಚಾಯ್ತಿ ಕಟ್ಟಿ ಮ್ಯಾಲ ನಿಂತು ಎಲ್ಲಾರಿಗೂ ಓದಿ ಹೇಳ್ಯಾನ."