ಸೋರಿಕೆ ವಿಭಾಗದಿಂದ ತೂಕದ ಯಂತ್ರಕ್ಕೆ ಒಂದು ದೂರು

ಹಾಜರಿ ಪುಸ್ತಕದ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಸಾಹೇಬರಿಂದ ಹಿಡಿದು ಜವಾನರವರೆಗೆ ಎಲ್ಲರ ಭಾರವನ್ನೂ ತುಟಿ ಪಿಟಕ್ಕೆನ್ನದೆ ಹೊರುತ್ತಿರುವ ತೂಕದ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ನೀರು ಸರಬರಾಜು ಕಚೇರಿಯ ಸೋರಿಕೆ ದೂರು ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಊರವರ ಬೈಗುಳಕ್ಕೆ ಕ್ರಮಸಂಖ್ಯೆ ಹಾಕುತ್ತಿರುವ, ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆಯನ್ನು ಸಾಕಿಕೊಂಡಿರುವ, ಪ್ರಾಸವೊಂದು ಸಿಕ್ಕಿದರೆ ಊಟವನ್ನೇ ಮರೆಯುವ, ಹನ್ನೆರಡು ಸೋಮವಾರ ತಮ್ಮ ನೆತ್ತಿಯ ಮೇಲೆ ಬರಿಗಾಲಲ್ಲಿ ನಿಂತು ತಾವು ಏನನ್ನುತ್ತೀರೋ ಎಂದು ಉಸಿರು ಬಿಗಿಹಿಡಿದಿದ್ದ ನಾನು, ತಮಗೆ ಮೊಣಕಾಲು ಬಗ್ಗಿದಷ್ಟು ಬಗ್ಗಿ ನಮಸ್ಕರಿಸುತ್ತೇನೆ. ಜೀವಮಾನವೆಲ್ಲ ಪರರ ದೂರು ಬರೆದುಕೊಂಡವನಿಗೆ ತನ್ನದೇ ಒಂದು ದೂರು ಬರೆಯುವ ಭಾಗ್ಯ ಕರುಣಿಸಿದ್ದೀರಿ, ಅದಕ್ಕೂ ಋಣಿ.

ನೌಕರರ ಆರೋಗ್ಯಕ್ಕಾಗಿ ಮೂರು ತಿಂಗಳ ತೂಕ ಇಳಿಸುವ ಸ್ಪರ್ಧೆ ಎಂದು ಮೇಲಿನವರು ಸುತ್ತೋಲೆ ಹೊರಡಿಸಿ ತಮ್ಮನ್ನು ಇಲ್ಲಿ ಪ್ರತಿಷ್ಠಾಪಿಸಿದಾಗ, ಘೋಷವಾಕ್ಯ ಬರೆಯುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು. ಅಂಗಿ ಜೇಬಿನಲ್ಲಿ ಸಿಕ್ಕ ಯಾವುದೋ ಚೀಟಿಯ ಬೆನ್ನಿಗೆ ‘ಇಳಿದರೆ ತೂಕ, ಬದುಕೇ ನಾಕ’ ಎಂದು ಗೀಚಿದೆ. ಸಾಹೇಬರು ಓದಿ, “ಏನ್ರೀ ಇದು, ನಾಕ ಅಂದ್ರೆ ಸ್ವರ್ಗ ತಾನೇ? ಸತ್ತ ಮೇಲೆ ಹೋಗೋ ಜಾಗ ಅಲ್ವೇನ್ರೀ?” ಎಂದು ಕೇಳಿದ್ದರು. ಪ್ರಾಸದ ಅಮಲಿನಲ್ಲಿದ್ದ ನನಗೆ ಅದು ಭವಿಷ್ಯವಾಣಿಯಂತೆ ಕೇಳಿಸಲಿಲ್ಲ.

ಮೊದಲ ತಿಂಗಳ ಬಗ್ಗೆ ತಮ್ಮ ಮೇಲೆ ನನ್ನ ತಕರಾರೇನೂ ಇಲ್ಲ. ಬೆಳಗ್ಗೆ ನಡೆದೆ, ತಟ್ಟೆಯಲ್ಲಿ ಅರ್ಧ ಬಿಟ್ಟೆ, ಮೂರು ಕಿಲೋ ಇಳಿದೆ, ಸಕ್ಕರೆಯೂ ಇಳಿಯಿತು, ಹೆಂಡತಿ ನನ್ನ ಪ್ಯಾಂಟಿನ ಸೊಂಟ ಹಿಡಿಸಿ ಹೊಲಿಯುತ್ತ ಹಾಡು ಗುನುಗಿದಳು. ಆಮೇಲೆ ತಾವು ಮುನಿಸಿಕೊಂಡಿರಿ. ಎರಡು ಸೋಮವಾರ ಅದೇ ಅಂಕಿ, ಅದೇ ಕೆಂಪು ಮುಖ. ಅತ್ತ ಮೀಟರ್ ಓದುವವನು ದಿನವಿಡೀ ಬೀದಿ ಸುತ್ತಿ ಬಂದು ತಮ್ಮ ಮೇಲೆ ಹತ್ತಿ, “ಏನಣ್ಣ, ನಿಂದು ಅಲ್ಲೇ ನಿಂತಿದೆಯಲ್ಲ, ಕೆಟ್ಟ ಮೀಟರ್ ಥರ!” ಎಂದು ನಾಲ್ಕು ಜನರೆದುರು ಹೇಳಿದಾಗ, ನನ್ನೊಳಗಿನ ಹತ್ತೊಂಬತ್ತು ವರ್ಷದ ಅನುಭವ ಎದ್ದು ಕುಳಿತಿತು.

ತಮಗೆ ನಮ್ಮ ವಿಭಾಗದ ಪದ್ಧತಿ ತಿಳಿಯದು, ಬಿನ್ನವಿಸುತ್ತೇನೆ. ಎಲ್ಲೋ ಪೈಪು ಸೋರುತ್ತಿದೆಯೆಂದು ದೂರು ಬಂದರೆ, ನಮ್ಮ ವಾಲ್ವ್‌ಮನ್ ಹೋಗಿ ಆ ಬೀದಿಯ ವಾಲ್ವನ್ನೇ ತಿರುಗಿಸಿ ಮುಚ್ಚುತ್ತಾನೆ. ನೀರೇ ಇಲ್ಲದ ಮೇಲೆ ಸೋರುವುದೇನು, ನೆಲ ಒಣಗುತ್ತದೆ. ಅವನು “ಸೋರಿಕೆ ಕಾಣ್ತಿಲ್ಲ ಸಾರ್” ಎಂದು ಫೋನು ಮಾಡುತ್ತಾನೆ. ನಾನು ‘ಮುಕ್ತಾಯ’ ಎಂಬ ಮುದ್ರೆ ಒತ್ತುತ್ತೇನೆ. ನೆಲದಡಿಯ ಒಡಕನ್ನು ಯಾರೂ ಅಗೆದು ನೋಡುವುದಿಲ್ಲ. ಈ ಘನವಾದ ಪದ್ಧತಿಯನ್ನು ನಾನು ನನ್ನ ದೇಹಕ್ಕೂ ಅನ್ವಯಿಸಿದೆ. ಭಾನುವಾರ ಮಧ್ಯಾಹ್ನದಿಂದ ನೀರು ಮುಟ್ಟುವುದನ್ನು ನಿಲ್ಲಿಸಿದೆ. ಮಾವನವರ ಕಾಲು ಊತಕ್ಕೆಂದು ಕೊಟ್ಟಿದ್ದ, ನೀರಿಳಿಸುವ ಮಾತ್ರೆಯ ಹಾಳೆಗಳನ್ನು ಅವರ ಡಬ್ಬಿಯಿಂದ ಕೇಳದೆ ಎತ್ತಿಕೊಂಡೆ. ಊಟ ಬಿಟ್ಟೆ, ಸಕ್ಕರೆಯ ಮಾತ್ರೆಯನ್ನು ಮಾತ್ರ ಹೊಟ್ಟೆ ತುಂಬಿದ ದಿನಗಳ ಲೆಕ್ಕದಲ್ಲೇ ನುಂಗಿದೆ. ಸೋಮವಾರ ಬೆಳಗ್ಗೆ ತಾವು ಒಂದೂವರೆ ಕಿಲೋ ಕಡಿಮೆ ತೋರಿಸುತ್ತಿದ್ದಿರಿ, ಟಪಾಲಿನ ಗುಮಾಸ್ತೆ ಅದನ್ನು ಬರೆದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಇಳಿದದ್ದು ಕೊಬ್ಬೋ, ಸ್ನಾಯುವೋ, ಬರೀ ನೀರೋ ಎಂದು ಕೇಳುವ ಅಸಭ್ಯತೆಯನ್ನು ತಾವಂತೂ ತೋರಲಿಲ್ಲ. ಇಂಥ ಸೌಜನ್ಯ ಈ ಕಾಲದಲ್ಲಿ ಎಲ್ಲಿ ಸಿಕ್ಕೀತು, ಮಾನ್ಯರೇ!

ಹನ್ನೊಂದು ಕಿಲೋ ಇಳಿಸಿ ಮೊದಲ ಬಹುಮಾನ ಪಡೆದೆ. ಬಹುಮಾನವೇನೆಂದು ತಾವೇ ನೋಡಿದ್ದೀರಿ: ನೀರು ಕುಡಿಯುವ ಸ್ಟೀಲಿನ ಬಾಟಲಿ, ಅದರ ಹೊಟ್ಟೆಯ ಮೇಲೆ ನನ್ನದೇ ಪ್ರಾಸ. ಆ ಖಾಲಿ ಬಾಟಲಿಯನ್ನು ಎತ್ತಿ ಹಿಡಿದು ನಕ್ಕದ್ದು ನೆನಪಿದೆ, ಆಮೇಲೆ ಸಭಾಂಗಣದ ಫ್ಯಾನು ನೆಲದ ಮೇಲೆ ತಿರುಗುತ್ತಿದ್ದದ್ದು ನೆನಪಿದೆ. “ಪಾಪ, ಖುಷಿ ತಡ್ಕೊಳ್ಳೋಕಾಗ್ಲಿಲ್ಲ” ಎಂದು ಯಾರೋ ಅಂದರಂತೆ. ಮೀಟರ್ ಓದುವವನೊಬ್ಬನೇ ನನ್ನ ಒಣಗಿ ಒಡೆದ ತುಟಿ ನೋಡಿ ಆಟೋ ಕರೆದನಂತೆ.

ಆಸ್ಪತ್ರೆಯಲ್ಲಿ, ನನ್ನ ಸಕ್ಕರೆ ಕಾಯಿಲೆ ನೋಡುವ ಡಾಕ್ಟರಮ್ಮ ರಕ್ತ, ಮೂತ್ರ ಎರಡರ ವರದಿಯನ್ನೂ ಮುಂದಿಟ್ಟುಕೊಂಡು ಒಂದೊಂದೇ ಅಂಕಿಯ ಕೆಳಗೆ ಗೆರೆ ಎಳೆದರು. ನನ್ನ ಮೂತ್ರಪಿಂಡಗಳು ಸೊರಗಿದ್ದವು. ಸಾಲದ್ದಕ್ಕೆ, ದೇಹದಲ್ಲೇ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಹೊರಗೆ ಹೋಗುತ್ತಿತ್ತು, ಅದೂ ಬಹಳ ಕಾಲದಿಂದ. ಸೋರಿಕೆ! ಊರಿನ ಸೋರಿಕೆಯನ್ನೆಲ್ಲ ಬಲ್ಲವನೊಳಗೇ ಒಂದು ಸೋರಿಕೆ, ಕ್ರಮಸಂಖ್ಯೆ ಇಲ್ಲದ್ದು. “ತೂಕ ಇಳಿಸ್ಬೇಡಿ ಅಂತ ನಾನೆಲ್ಲಿ ಅಂದೆ? ಇಳಿಸ್ಬೇಕು, ಆದ್ರೆ ನನ್ನ ಕೇಳ್ಕೊಂಡು, ನಿಧಾನವಾಗಿ, ಊಟ ಮಾಡ್ಕೊಂಡು ಇಳಿಸ್ಬೇಕು. ಒಂದು ವರ್ಷದ ಹಿಂದೇನೇ ಮೂತ್ರ ಪರೀಕ್ಷೆಗೆ ಚೀಟಿ ಬರ್ಕೊಟ್ಟಿದ್ನಲ್ಲ, ಎಲ್ಲಿ ಅದು?” ಎಂದರು. ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದರ ಬೆನ್ನಿಗೇ ನಾನು ಪ್ರಾಸ ಬರೆದಿದ್ದೆ. ಸಾಹೇಬರ ಕಡತದಲ್ಲಿ, ಅನುಮೋದನೆಯ ಸಹಿಯೊಂದಿಗೆ, ಭದ್ರವಾಗಿತ್ತು. ಮೂತ್ರಪಿಂಡಗಳು ಕಳೆದುಕೊಂಡ ಶಕ್ತಿಯಲ್ಲಿ ಒಂದಿಷ್ಟು ಈಗ ಮರಳಿದೆಯಂತೆ, ಉಳಿದದ್ದನ್ನು ಕಾದು ನೋಡಬೇಕಂತೆ.

ಇಷ್ಟೇ ಆಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ತಮ್ಮ ಮಹಿಮೆಯಿಂದ ಸ್ಪರ್ಧೆಯ ಎರಡನೇ ಸುತ್ತು ಶುರುವಾಗಿದೆ, ಮತ್ತು ಅದರಲ್ಲಿ ದಾಖಲೆ ಕೊಠಡಿಯಲ್ಲಿ ಕೆಲಸ ಮಾಡುವ ನನ್ನ ಸ್ವಂತ ಅಕ್ಕ ಹೆಸರು ಕೊಟ್ಟಿದ್ದಾಳೆ. ಅವಳಿಗೂ ನನ್ನದೇ ಕಾಯಿಲೆ, ನನಗಿಂತ ನಾಲ್ಕು ವರ್ಷ ಹಳೆಯದು. ಬಹುಮಾನದ ಹಿಂದಿನ ವಾರ, ಗೆಲ್ಲುವ ಗುಟ್ಟು ಹೇಳುವ ಉಮೇದಿನಲ್ಲಿ, ಮಾವನವರ ಮಾತ್ರೆಯ ಕೊನೆಯ ಹಾಳೆಯನ್ನು ಅವಳ ಕೈಗೆ ಇಟ್ಟವನು ನಾನೇ. ಆಸ್ಪತ್ರೆಯಿಂದ ಬಂದವನೇ ವಾಪಸ್ ಕೇಳಿದರೆ, “ಸುಮ್ನಿರೋ! ನೀನು ಬಾಟಲಿ ಗೆದ್ದಾಯ್ತು, ಈಗ ನನಗೆ ಬುದ್ಧಿ ಹೇಳೋಕೆ ಬಂದ್ಯಾ? ನೀನು ಬಿದ್ದಿದ್ದು ಸೆಕೆಗೆ. ನಿನಗಿಂತ ಒಂದು ಕಿಲೋ ಜಾಸ್ತಿ ಇಳಿಸಿ ತೋರಿಸ್ತೀನಿ, ನೋಡ್ತಿರು” ಎಂದಳು. ಹಾಗನ್ನುವಾಗ ಅವಳ ನಾಲಗೆ ಅಂಗುಳಿಗೆ ಅಂಟಿಕೊಂಡು ಬಿಡಿಸಿಕೊಳ್ಳುವ ಸದ್ದು ಕೇಳಿಸಿತು. ಆ ಸದ್ದು ನನಗೆ ಪರಿಚಿತ. ಚಿಕ್ಕಂದಿನಲ್ಲಿ ನಾನು ಕಾಲು ನೋವೆಂದು ಸುಳ್ಳು ಹೇಳಿದಾಗಲೆಲ್ಲ ಸ್ಕೂಲಿನಿಂದ ಮನೆಯವರೆಗೆ ಸೊಂಟದ ಮೇಲೆ ಹೊತ್ತು ತಂದವಳು ಅವಳು. ಆಗ ನಾನೆಷ್ಟು ಭಾರವೆಂದು ಯಾವ ಯಂತ್ರವನ್ನೂ ಕೇಳಿದವಳಲ್ಲ.

ಆದ್ದರಿಂದ, ಮಾನ್ಯರೇ, ನಾಳೆ ಸೋಮವಾರ ಅವಳು ಚಪ್ಪಲಿ ಬಿಟ್ಟು ತಮ್ಮ ಮೇಲೆ ನಿಂತಾಗ ತಾವು ಅಂಕಿಯ ಬದಲು ಅವಳ ಒಣಗಿದ ನಾಲಗೆಯನ್ನು ತೋರಿಸಬೇಕಾಗಿ ವಿನಂತಿ. ಅದಾಗದಿದ್ದರೆ, ಬೆನ್ನೊಳಗಿನ ಮುಷ್ಟಿ ಗಾತ್ರದ ಎರಡು ಬಡಪಾಯಿಗಳು ಎಷ್ಟು ದಣಿದಿವೆಯೆಂದು ಕೆಂಪು ಅಕ್ಷರದಲ್ಲಿ ಬರೆಯಬೇಕು. ಅದೂ ಆಗದಿದ್ದರೆ, “ಮೊದಲು ಮೂತ್ರ ಪರೀಕ್ಷೆ ಮಾಡಿಸ್ಕೊಂಡು ಬಾ ತಾಯಿ” ಎಂದು ಒಮ್ಮೆ ಬಾಯಿಬಿಟ್ಟು ಹೇಳಬೇಕು. ತಮ್ಮ ಮಾತನ್ನು ಈ ಕಚೇರಿಯಲ್ಲಿ ಡಾಕ್ಟರಿಗಿಂತ ಹೆಚ್ಚು ನಂಬುತ್ತಾರೆ. ಇವಾವುವೂ ತಮ್ಮಿಂದ ಆಗದೆಂದು ಬಲ್ಲೆ. ಒಂದು ಅಂಕಿ ಬಿಟ್ಟರೆ ತಮಗೆ ಬೇರೇನೂ ಬಾರದು. ಅದು ತಮ್ಮ ತಪ್ಪಲ್ಲ, ಅಷ್ಟೇ ಬರುವವರ ಮಾತನ್ನು ಅಷ್ಟೊಂದು ಕೇಳಿದ್ದು ನಮ್ಮ ತಪ್ಪು. ಹಾಗಾಗಿ ಈ ಪತ್ರವನ್ನು ತಮ್ಮ ತಲೆಯ ಮೇಲಿನ ಗೋಡೆಗೆ, ಓದು ಬಲ್ಲವರ ಕಣ್ಣಿನ ಮಟ್ಟಕ್ಕೆ, ಅಂಟಿಸುತ್ತಿದ್ದೇನೆ.

ತಮ್ಮ ಮಾತಿಗೆ ಹನ್ನೊಂದು ಕಿಲೋ ತೆತ್ತ,
ತಮ್ಮ ವಿಶ್ವಾಸಿ,
ಸೋರಿಕೆ ದೂರು ವಿಭಾಗದ ಗುಮಾಸ್ತ

ಮರೆತ ಮಾತು: ನಾಳೆ ತಾವು ಯಾರಿಗೂ ಏನೂ ತೋರಿಸಲಾರಿರಿ, ತಮ್ಮ ಬ್ಯಾಟರಿಗಳು ನನ್ನ ಮೇಜಿನ ಡ್ರಾಯರಿನಲ್ಲಿವೆ. ಸಕ್ಕರೆ ಕಾಯಿಲೆಯವರು ಪರೀಕ್ಷೆಯ ವರದಿ ತೋರಿಸಿ ಪಡೆಯಬಹುದು. ಅಕ್ಕಾ, ನಿನಗೆ ವರದಿ ಆಮೇಲೆ. ಮೊದಲು ಮಾತ್ರೆಯ ಹಾಳೆ ತಂದು ನನ್ನ ಕೈಗಿಡು. ಯಂತ್ರದ ಪಕ್ಕದಲ್ಲಿ ನನ್ನ ಬಹುಮಾನದ ಬಾಟಲಿ ತುಂಬಿಸಿಟ್ಟಿದ್ದೇನೆ, ಎರಡು ಗುಟುಕು ಕುಡಿ, ಹೊರಗೆ ಆಟೋ ನಿಂತಿರುತ್ತದೆ, ಡಾಕ್ಟರಮ್ಮನಿಗೆ ಹೇಳಿದ್ದೇನೆ. ನಡೆಯಲಾರೆನೆಂದು ಸುಳ್ಳು ಹೇಳಿದರೂ ಪರವಾಗಿಲ್ಲ, ಈ ಸಲ ಹೊರುವ ಸರದಿ ನನ್ನದು. ನೀನೆಷ್ಟು ಭಾರವೆಂದು ಯಾರನ್ನೂ ಕೇಳುವುದಿಲ್ಲ.